ಹೊಳೆದಂಡೆಯ ಕಸ ಸುಟ್ಟ ವರ್ಷ

ಕಸ ಕಂಡರೆ ನನಗೆ ಸುಮ್ಮನೆ ಕೂರಲು ಆಗುವುದಿಲ್ಲ. ಇದು ಹುಟ್ಟುಗುಣವಲ್ಲ, ಕಲಿಸಿದ ಗುಣ. ನರ್ಸ್ ತರಬೇತಿಯ ಎರಡು ವರ್ಷ ನಮ್ಮನ್ನು ಐದಕ್ಕೆ ಎಬ್ಬಿಸುತ್ತಿದ್ದರು. ಐದೂ ಇಪ್ಪತ್ತರೊಳಗೆ ಹಾಸಿಗೆಯ ಚಾದರದ ಮೂಲೆಗಳನ್ನು ಲಕೋಟೆಯಂತೆ ಮಡಚಿರಬೇಕು. ಐದೂವರೆಗೆ ಮೇಟ್ರನ್ ಬಂದು ಬಕೀಟಿನ ತಳ ಮುಟ್ಟಿ ನೋಡುತ್ತಿದ್ದರು. ಬೆರಳಿಗೆ ಜಿಡ್ಡು ಹತ್ತಿದರೆ ಅಂದು ನಮಗೆ ಚಹಾ ಇಲ್ಲ. ಚಹಾದ ಆಸೆಗೆ ಕಲಿತ ಶಿಸ್ತು ಎಪ್ಪತ್ತು ದಾಟಿದರೂ ಬಿಟ್ಟಿಲ್ಲ. ಈಗಲೂ ಬಕೀಟಿನ ತಳ ಮುಟ್ಟಿ ನೋಡುತ್ತೇನೆ.

ಎಪ್ಪತ್ತರ ದಶಕದ ನಡುವೆ, ದೊಡ್ಡ ಬರ ಕಳೆದು ಎರಡು ಮಳೆಗಾಲ ಆದಾಗ, ಇಂಡಿ ತಾಲೂಕಿನ ಭೀಮೆಯ ದಂಡೆಯ ಒಂದು ಊರಿಗೆ ಹೆರಿಗೆ ನರ್ಸಾಗಿ ಹೋದೆ. ನನ್ನ ತವರು ಬಸವನ ಬಾಗೇವಾಡಿ. ಅಲ್ಲಿ ನಾವು ಬಲ್ಲ ನೀರೆಂದರೆ ಬಾವಿಯದು. ಹಗ್ಗ, ಗಡಗಡಿ, ಕೊಡ, ಅಷ್ಟೇ. ಹೊಳೆಯ ಸಹವಾಸ ನನಗೆ ಇರಲಿಲ್ಲ. ಊರಲ್ಲಿ ನನಗೆ ಒಂದು ಕೋಣೆ, ಒಂದು ಮೇಜು, ಒಂದು ತಕ್ಕಡಿ, ಗೋಡೆಗೆ ಒಂದು ಗಡಿಯಾರ. ಎಲ್ಲರೂ ‘ಬಾಯಾರ’ ಎಂದು ಕರೆಯುತ್ತಿದ್ದರು. ನನಗಿನ್ನೂ ಇಪ್ಪತ್ತಮೂರು ವರ್ಷ. ಆ ಮರ್ಯಾದೆಗೆ ತಕ್ಕಂತೆ ಮುಖ ಬಿಗಿದುಕೊಂಡು ತಿರುಗುತ್ತಿದ್ದೆ.

ದಸರೆ ಮುಗಿಯುವ ಹೊತ್ತಿಗೆ ಹೊಳೆ ಇಳಿಯಿತು. ಇಳಿದ ಮೇಲೆ ದಂಡೆಗುಂಟ ಅಗಲವಾದ ಉಸುಕಿನ ಬಯಲು ತೆರೆದುಕೊಂಡಿತು. ಆ ಬಯಲಿನ ಮೇಲೆ ನೀರು ನಿಂತಿದ್ದ ಗುರುತಿನ ಉದ್ದಕ್ಕೂ ಡೊಂಕುಡೊಂಕಾಗಿ ಒಂದು ಕಸದ ಸಾಲು. ಪಾಚಿ, ಜೊಂಡು, ಕಬ್ಬಿನ ರವದಿ, ಜಾಲಿಕಾಯಿ, ಜೋಳದ ಬೇರು, ಸೆಗಣಿ, ಸತ್ತ ಬಸವನಹುಳು, ಎಲ್ಲೋ ಒಂದು ಹರಿದ ಚಪ್ಪಲಿ. ಮೊಣಕಾಲೆತ್ತರ ಬಿದ್ದು ಮೇಲೆ ನೊಣ ಗುಂಯ್ಗುಡುತ್ತಿದ್ದವು. ಜನ ಕುಡಿಯುವ ನೀರು ತುಂಬುವ ಜಾಗದಿಂದ ಐವತ್ತು ಹೆಜ್ಜೆಯೂ ಇಲ್ಲ.

ನಾನು ಆ ವಾರವೇ ತೀರ್ಮಾನ ಮಾಡಿದೆ. ಇಡೀ ದಂಡೆ ನನ್ನ ಕೈಲಿ ಆಗದು, ನೀರು ತುಂಬುವ ಜಾಗದ ಪಕ್ಕದ್ದಾದರೂ ಸ್ವಚ್ಛ ಆಗಲೇಬೇಕು. ಊರಿನ ತರುಣರ ಸಂಘದ ನಾಲ್ವರನ್ನು ಒಪ್ಪಿಸಿದೆ. ವಿಜಾಪುರದಲ್ಲಿ ಕಾಲೇಜು ಓದುತ್ತ ರಜೆಗೆ ಬಂದವರು. ಶ್ರಮದಾನ ಎಂದರೆ ಉತ್ಸಾಹ, ಹೊಳೆಯ ಬೇಸಾಯ ಎಂದರೆ ಏನೂ ತಿಳಿಯದು. ಮುಂಜಾನೆ ಆರಕ್ಕೆ ಶುರು ಮಾಡಿದೆವು, ಹತ್ತಕ್ಕೆ ಮುಗಿಯಿತು. ಕಸವನ್ನೆಲ್ಲ ಬಾಚಿ ಒಂದೇ ಗುಡ್ಡೆ ಮಾಡಿ, ಎರಡು ದಿನ ಒಣಗಿಸಿ, ಚಿಮಣಿ ಎಣ್ಣೆ ಸುರಿದು ಬೆಂಕಿ ಹಚ್ಚಿದೆ. ಬೂದಿಯನ್ನು ಗಾಳಿ ಒಯ್ದಿತು. ಉಳಿದದ್ದು ಮಡಿ ಮಾಡಿದ ಚಾದರದಂಥ ಬಿಳಿ ಉಸುಕು. ನಾನು ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತೆ.

ಪಕ್ಕದ ಉಸುಕಿನಲ್ಲಿ ಗುಣಿ ತೋಡುತ್ತಿದ್ದ ಒಬ್ಬ ಗಂಡಸು, ದೊಡ್ಡ ಮೀಸೆಯವನು, ಸಲಿಕೆಗೆ ಗದ್ದ ಊರಿ ಎಲ್ಲವನ್ನೂ ನೋಡುತ್ತಿದ್ದ.

“ಭಾಳ ಚಲೋ ಕೆಲಸ ಮಾಡಿದ್ರಿ ಬಾಯಾರ,” ಎಂದ. “ಇಷ್ಟು ಸ್ವಚ್ಛ ಉಸುಕು ನಮ್ಮ ಅಜ್ಜನೂ ನೋಡಿರಲಿಕ್ಕಿಲ್ಲ.”

“ನಿಮ್ಮ ಕಡೆದೂ ತೆಗಿಸೂಣೇನ್ರಿ?” ಎಂದೆ.

“ಛೇ, ಛೇ, ನಿಮಗ್ಯಾಕ ತ್ರಾಸು!” ಎಂದು ಕೈ ಅಲ್ಲಾಡಿಸಿ ನಕ್ಕ. ಹೊಗಳಿಕೆ ಎಂದುಕೊಂಡೆ. ಅಂದಿನ ದಿನಚರಿಯಲ್ಲಿ ‘ದಂಡೆ ಸ್ವಚ್ಛತೆ, ಜನರ ಮೆಚ್ಚುಗೆ’ ಎಂದು ಬರೆದೆ.

ಐದನೆಯ ದಿನ ಮುಂಜಾನೆ ಎಂಟಕ್ಕೆ ಇಪ್ಪತ್ತು ನಿಮಿಷ ಇರುವಾಗ ಬಾಗಿಲು ಬಡಿದ ಸದ್ದಾಯಿತು. ಐವತ್ತರ ಆಸುಪಾಸಿನ ಹೆಂಗಸು. ಗಿಡ್ಡ ಆಳು, ಸೀರೆಯ ಕಚ್ಚೆ ಬಿಗಿಯಾಗಿ ಕಟ್ಟಿದ್ದಳು, ಕಾಲು ಪೂರಾ ಉಸುಕು.

“ದವಾಖಾನಿ ಎಂಟಕ್ಕ ತೆಗೀತೇವ್ರಿ,” ಎಂದೆ.

“ನಾ ಗುಳಿಗಿಗೆ ಬಂದಿಲ್ಲ. ನನ್ನ ಪಾಲಿನ ಕಸ ಎಲ್ಲಿ ಇಟ್ಟೀರಿ ಅಂತ ಕೇಳಾಕ ಬಂದೇನಿ.”

“ಕಸ ಯಾರಾದ್ರೂ ಇಟ್ಕೊತಾರೇನ್ರಿ? ಸುಟ್ಟೇವಿ.”

ಅವಳು ಬಹುವಚನ ಬಿಟ್ಟಳು. “ಯಾರಿಗಿ ಕೇಳಿ ಸುಟ್ಟಿ? ನಾ ಎಂಟು ದಿನ ಸೊಲ್ಲಾಪುರಕ್ಕ ಹೋಗಿದ್ದೆ, ಸತ್ತಿರಲಿಲ್ಲ. ನಡಿ ಹೊಳಿಗೆ. ಗಡಿಯಾರ ಆಮ್ಯಾಲೆ ನೋಡು.”

ನನ್ನ ನೌಕರಿಯಲ್ಲಿ ಎಂಟಕ್ಕೆ ಬಾಗಿಲು ತೆರೆಯದ ಮೊದಲ ದಿನ ಅದು. ಅವಳು ಮುಂದೆ, ನಾನು ಹಿಂದೆ ಓಡಿದಂತೆ ನಡೆದೆವು. ಮೊದಲು ಮೀಸೆಯವನ ಪಾಲಿನ ಕಸದ ಬುಡಕ್ಕೆ ನನ್ನ ಕೈ ಹಿಡಿದು ತೂರಿಸಿದಳು. ಮೇಲೆ ಒಣಕಸ, ಒಂದು ಗೇಣು ಒಳಗೆ ತಂಪು. ಉಸುಕು ಕಪ್ಪಗೆ, ಹಸಿ, ಮುಷ್ಟಿ ಕಟ್ಟಿದರೆ ಉಂಡೆಯಾಗುತ್ತಿತ್ತು. ಅದರೊಳಗೆ ಸಾಸಿವೆಯಷ್ಟು ದುಂಬಿಗಳು, ದಾರದಂಥ ಹುಳುಗಳು, ಏನೇನೋ ಮಿಸುಕಾಡುತ್ತಿದ್ದವು. ಆಮೇಲೆ ನಾನು ಮಡಿ ಮಾಡಿದ ಜಾಗಕ್ಕೆ ಎಳೆದೊಯ್ದಳು. ಅಲ್ಲಿ ಮೊಣಕೈವರೆಗೆ ಅಗೆದರೂ ಸಕ್ಕರೆಯಂತೆ ಬೆರಳ ಸಂದಿಯಿಂದ ಸುರಿಯಿತು. ಒಂದು ಇರುವೆಯೂ ಇಲ್ಲ.

“ಅದು ಉಂಡ ಉಸುಕು. ಇದು ಉಪಾಸ ಬಿದ್ದದ್ದು,” ಎಂದಳು. “ಉಸುಕಿಗೆ ತನ್ನದು ಅಂತ ಏನೂ ಇಲ್ಲ. ಹೊಳಿ ಏನು ತಂದು ಹಾಕತೈತೋ ಅದಽ ಅದರ ಊಟ.”

ಅಲ್ಲೇ ಕುಕ್ಕರಗಾಲಲ್ಲಿ ಕುಳಿತು ತನ್ನ ಕಥೆ ಹೇಳಿದಳು. ಆ ಊರಲ್ಲಿ ಎರೆಭೂಮಿ ಇಲ್ಲದ ಹನ್ನೊಂದು ಮನೆಗಳು ಹೊಳೆಯ ಉಸುಕಿನಲ್ಲಿ ಕಲ್ಲಂಗಡಿ ಬೆಳೆಯುತ್ತಿದ್ದವು. ನೆರೆ ಇಳಿದ ಮೇಲೆ ಒಬ್ಬ ಹಿರಿಯ ಹಗ್ಗ ಹಿಡಿದು ಬಯಲನ್ನು ಹನ್ನೊಂದು ಪಾಲು ಮಾಡುತ್ತಿದ್ದ. ಆಮೇಲೆ ಚೀಟಿ. ಕಸ ದಪ್ಪ ಬಿದ್ದ ಪಾಲು ಬಂದವನು ಅದೃಷ್ಟವಂತ. ಒಬ್ಬರ ಪಾಲಿನ ಕಸಕ್ಕೆ ಇನ್ನೊಬ್ಬರು ಕೈ ಹಚ್ಚುವಂತಿಲ್ಲ. ದನದ ಗೊಬ್ಬರ ಹಾಕೋಣವೆಂದರೆ ಬರದಲ್ಲಿ ದನಗಳೇ ಹೋಗಿದ್ದವು. ಉಳಿದವುಗಳ ಗೊಬ್ಬರ ಹೊಲವಿದ್ದವರ ಹೊಲಕ್ಕೆ ಹೋಗುತ್ತಿತ್ತು.

ಅವಳ ಗಂಡ ಸೊಲ್ಲಾಪುರದ ಗಿರಣಿ ಸೇರಿದ್ದ. ‘ಗಂಡಸು ಊರಾಗಿಲ್ಲ, ಹೆಸರು ತೆಗೀರಿ’ ಎಂದು ಕೆಲವರು ತಕರಾರು ತೆಗೆದಿದ್ದರು. ಅವಳು ಜಗಳಾಡಿ ಒಂದು ವರ್ಷದ ಮಾತು ತೆಗೆದುಕೊಂಡಿದ್ದಳು. ಶಿವರಾತ್ರಿಯ ಮರುದಿನ ಹಿರಿಯರು ಪಾಲು ನೋಡಲು ಬರುತ್ತಾರೆ. ಬೊಗಸೆ ತುಂಬುವಂಥ ಹತ್ತು ಕಾಯಿ ಬಳ್ಳಿಯ ಮೇಲೆ ಇದ್ದರೆ ಮುಂದೆ ಪ್ರತಿ ವರ್ಷ ಚೀಟಿಯಲ್ಲಿ ಅವಳ ಹೆಸರು. ಇಲ್ಲದಿದ್ದರೆ ಇನ್ನೆಂದೂ ಇಲ್ಲ. ಚೀಟಿಯಲ್ಲಿ ಅವಳಿಗೆ ಬಂದದ್ದು ಎಲ್ಲಕ್ಕಿಂತ ದಪ್ಪ ಕಸದ ಪಾಲು. ಅದನ್ನೇ ನಾನು ಸುಟ್ಟಿದ್ದೆ.

ಪಕ್ಕದ ಮೀಸೆಯವನು ಸಲಿಕೆ ಊರಿ ಮತ್ತೆ ನಗುತ್ತಿದ್ದ. ಆ ನಗೆಯ ಅರ್ಥ ನನಗೆ ಈಗ ಆಯಿತು. ತಕರಾರು ತೆಗೆದವರಲ್ಲಿ ಅವನೇ ಮೊದಲಿಗ.

“ಈಗ ಏನ್ ಮಾಡೂದ್ರಿ ಅವ್ವಾರ?” ಎಂದೆ. ಮುಖದ ಬಿಗುವು ಅಷ್ಟರಲ್ಲಿ ಇಳಿದಿತ್ತು.

ಅವಳು ದೂರಕ್ಕೆ ಕೈ ತೋರಿಸಿದಳು. ಹೊಳೆ ಹಿಂದೆ ಸರಿಯುವಾಗ ಬಿಟ್ಟುಹೋದ ಮಡು ಒಂದು ಅಲ್ಲಿತ್ತು. ಅದರ ತುಂಬ ಪಾಚಿ, ಉದ್ದ ನಾರಿನಂಥ ನೀರುಬಳ್ಳಿ.

“ಹೊಳಿ ಮತ್ತೊಮ್ಮಿ ಬಂದು ಹಾಕಾಂಗಿಲ್ಲ. ಸುಟ್ಟ ಕೈ ಅದಾವಲ್ಲ, ಅವಽ ತರಬೇಕು.”

ಹೀಗೆ ನಾನು ಹೊಳೆಯ ಕೆಲಸಕ್ಕೆ ಸೇರಿದೆ. ಐದಕ್ಕೆ ಏಳುವುದು, ಐದೂವರೆಗೆ ಮಡು, ಏಳಕ್ಕೆ ಸ್ನಾನ, ಎಂಟಕ್ಕೆ ದವಾಖಾನೆ. ಒಂದು ಕೋಲಿಗೆ ಕೊಕ್ಕೆ ಕಟ್ಟಿ ಅವಳು ಬಳ್ಳಿಯನ್ನು ದಂಡೆಗೆ ಎಳೆಯುತ್ತಿದ್ದಳು. ನಾನು ಮಂಕ್ರಿ ಬುಟ್ಟಿ ತುಂಬಿ ತಲೆಯ ಮೇಲೆ ಹೊತ್ತು ಉಸುಕಿಗೆ ಒಯ್ಯುತ್ತಿದ್ದೆ. ಮಂಕ್ರಿಯಿಂದ ಹಸಿರು ನೀರು ಕುತ್ತಿಗೆಗುಂಟ ಬೆನ್ನಿಗೆ ಇಳಿಯುತ್ತಿತ್ತು. ಮೊದಲ ದಿನ ಮರೆತು ಬಿಳಿ ಸೀರೆಯಲ್ಲೇ ಹೋಗಿದ್ದೆ. ಆ ಸೀರೆ ಆಮೇಲೆ ಬಿಳಿ ಎನಿಸಿಕೊಳ್ಳಲೇ ಇಲ್ಲ. ನೀರಿಗೆ ಬಂದ ಹೆಂಗಸರು ಕೊಡ ಕೆಳಗಿಟ್ಟು ನೋಡುತ್ತಿದ್ದರು.

“ಬಾಯಾರ, ಹೋದ ವಾರ ಇಲ್ಲಿಂದ ಒಯ್ದ್ರಿ, ಈ ವಾರ ಇಲ್ಲಿಗೇ ತರಾಕತ್ತೀರಿ. ಸರಕಾರದ ಹುಕುಂ ಬದಲಾತೇನ್ರಿ?”

“ಬದಲಾಗೇತ್ರಿ,” ಎನ್ನುತ್ತಿದ್ದೆ. “ಕೊಡ ಅಲ್ಲಿ ಮ್ಯಾಲಿನ ಕಲ್ಲಿನ ಕಡೆ ತುಂಬಿಕೊಳ್ರಿ. ಕಾಸಿ ಕುಡೀರಿ.” ನೀರು ತುಂಬುವ ಜಾಗವನ್ನೇ ಮೇಲಕ್ಕೆ ಸರಿಸಿದ್ದೆ. ಮೊದಲೇ ಇಷ್ಟು ಮಾಡಿದ್ದರೆ ಸಾಕಿತ್ತು. ಅದು ಹೊಳೆಯುವುದಕ್ಕೆ ತಲೆಯ ಮೇಲೆ ಪಾಚಿ ಬೇಕಾಯಿತು.

ತಂದದ್ದನ್ನು ನಾನು ನನ್ನ ಪದ್ಧತಿಯಂತೆ ಹಾಕಿದೆ. ಹಗ್ಗ ಹಿಡಿದು ನೇರ ಸಾಲು, ಆಸ್ಪತ್ರೆಯ ಹಾಸಿಗೆಗಳಂತೆ ನಾಲ್ಕು ಮೂಲೆ ಚೌಕ, ಮೊಣಕಾಲೆತ್ತರ ದಪ್ಪ. ಆರು ದಿನದಲ್ಲಿ ಎಂಟು ಹಾಸಿಗೆ ಸಿದ್ಧವಾದವು. ಕರೆದು ತೋರಿಸಿದೆ. ಅವಳು ಒಂದರೊಳಗೆ ಕೈ ತೂರಿಸಿ ಫಕ್ಕನೆ ಎಳೆದುಕೊಂಡಳು.

“ಇದಕ್ಕ ಜ್ವರ ಬಂದೈತ್ರಿ ಬಾಯಾರ.”

ಜ್ವರ ಎಂದ ಮೇಲೆ ನನ್ನ ಕೈ ತಾನಾಗಿ ಚೀಲಕ್ಕೆ ಹೋಯಿತು. ಥರ್ಮಾಮೀಟರ್ ತೆಗೆದು ಝಾಡಿಸಿ ಪಾಚಿಯೊಳಗೆ ಇಟ್ಟೆ. ಗಡಿಯಾರ ನೋಡುತ್ತ ಒಂದು ನಿಮಿಷ ಕಾದೆ. ತೆಗೆದಾಗ ಪಾದರಸ ಕೊನೆಯ ಗೆರೆ ಮುಟ್ಟಿ, ತುದಿಯ ಗಾಜು ಸೀಳಿತ್ತು. ಅವಳು ಉಸುಕಿನ ಮೇಲೆ ಬಿದ್ದು ನಕ್ಕಳು. ಅಂದಿನಿಂದ ನಮ್ಮ ಜಗಳ ಮುಗಿದಂತೆಯೇ. ಒಡೆದ ಥರ್ಮಾಮೀಟರಿಗೆ ಇಂಡಿಯ ಆಫೀಸಿಗೆ ಕಾರಣ ಬರೆದು ಕೊಡಬೇಕಿತ್ತು. ‘ಅತಿಯಾದ ಜ್ವರ’ ಎಂದು ಬರೆದೆ. ಸುಳ್ಳಲ್ಲ.

“ಇಷ್ಟು ದಪ್ಪ ಹಾಕಿದ್ರ ಕೊಳೆಯೂವಾಗ ಕುದೀತೈತಿ. ಬೀಜ ಬೇಯತಾವ,” ಎಂದು ಕಲಿಸಿದಳು. “ಹೊಳಿ ಎಂದಾದ್ರೂ ಹಗ್ಗ ಹಿಡಿದು ಹಾಕೇತೇನ್ರಿ? ಗಾಳಿಗೆ ಅಡ್ಡ, ಡೊಂಕಾಗಿ, ಒಂದು ಗೇಣು ತೆಳ್ಳಗ. ಅರ್ಧ ಉಸುಕಿನಾಗ ಹೂಳಬೇಕು, ಅರ್ಧ ಮ್ಯಾಲೆ ಇರಬೇಕು.”

ಡೊಂಕಾಗಿ ಹಾಕುವುದು ನನಗೆ ಬಹಳ ಕಷ್ಟವಾಯಿತು. ಕೈ ತಾನಾಗಿ ನೇರಕ್ಕೆ ಹೋಗುತ್ತಿತ್ತು. ಅವಳು ಬಂದು ಕಾಲಿನಿಂದ ಒದ್ದು ಡೊಂಕು ಮಾಡುತ್ತಿದ್ದಳು.

ಆಮೇಲೆ ನಡೆದದ್ದನ್ನು ನಾನು ದಿನಾ ನೋಡಿದೆ, ರೋಗಿಯ ಪಟ್ಟಿ ಬರೆದಂತೆ ಬರೆದಿಟ್ಟೆ. ಮೊದಲು ಬಂದವು ನೊಣ, ಅವುಗಳ ಹುಳು. ಆಮೇಲೆ ಸಣ್ಣ ಕರಿ ದುಂಬಿಗಳು. ಅವು ಪಾಚಿಯನ್ನು ಕಡಿದು ಉಸುಕಿನೊಳಗೆ ಎಳೆದುಕೊಂಡು ಹೋಗುವುದನ್ನು ಮೊಣಕಾಲೂರಿ ನೋಡಿದ್ದೇನೆ. ದುಂಬಿಯ ಹಿಂದೆ ಕಪ್ಪೆ, ಬಾಲ ಕುಣಿಸುವ ಹಕ್ಕಿ, ಟಿಟ್ಟಿಭ. ಹಕ್ಕಿ ಬಂದರೆ ಅದರ ಹಿಕ್ಕೆ. ಹಸಿರು ಕಂದಾಯಿತು, ಕಂದು ಕಪ್ಪಾಯಿತು, ಕಪ್ಪು ಉಸುಕಿಗೆ ಇಳಿಯಿತು. ಗಾಳಿಗೆ ಹಾರುತ್ತಿದ್ದ ಉಸುಕು ಕಸಕ್ಕೆ ತಡೆದು ನಿಂತಿತು. ನಡುಮಧ್ಯಾಹ್ನ ಬರಿ ಉಸುಕು ಕಾಲು ಸುಡುವಾಗ ಕಸದ ಕೆಳಗೆ ತಂಪು ಇರುತ್ತಿತ್ತು. ನಾನು ನೊಣ ಕಂಡು ರೋಗ ಎಂದುಕೊಂಡಿದ್ದೆ. ಅಲ್ಲಿ ನಡೆಯುತ್ತಿದ್ದದ್ದು ಪಂಕ್ತಿಭೋಜನ.

ಬಹಳ ವರ್ಷಗಳ ನಂತರ ಕಾರವಾರದಲ್ಲಿ ಮೊದಲ ಸಲ ಸಮುದ್ರ ನೋಡಿದೆ. ಜೊತೆಗೆ ಬಂದವರೆಲ್ಲ ತೆರೆ ನೋಡುತ್ತಿದ್ದರೆ ನಾನು ದಂಡೆಯ ಮೇಲೆ ಬಿದ್ದ ಕಡಲಪಾಚಿಯ ಸಾಲನ್ನು ಎತ್ತಿ ನೋಡುತ್ತಿದ್ದೆ. ಅದೇ ಡೊಂಕು, ಅದೇ ವಾಸನೆ. ಅಡಿಯಲ್ಲಿ ಜಿಗಿಯುವ ಸಣ್ಣ ಹುಳುಗಳು, ಅವನ್ನು ಹೆಕ್ಕುವ ಹಕ್ಕಿಗಳು. ನೀರು ಉಪ್ಪಾದರೂ ಉಸುಕಿನ ಸ್ಥಿತಿ ಒಂದೇ. ತಾನಾಗಿ ಏನೂ ಬೆಳೆಯಲಾರದು, ತಂದು ಹಾಕಿದವರಿಂದ ಉಣ್ಣಬೇಕು. ಜೊತೆಯವರು ‘ಕೈ ತೊಳೀರಿ ಬಾಯಾರ’ ಎಂದರು. ತೊಳೆದುಕೊಂಡೆ.

ಬಿತ್ತನೆ ಮೂರು ವಾರ ತಡವಾಯಿತು. ಅವಳು ಬೊಗಸೆಯಾಳದ ಗುಣಿ ತೋಡಿ, ಕಪ್ಪು ಉಸುಕು ತುಂಬಿ, ಗುಣಿಗೆ ಮೂರು ಬೀಜ ಹಾಕಿದಳು. ಉಸುಕಿನ ಬೆಳೆಗೆ ನೀರು ಸ್ವಲ್ಪ ಸ್ವಲ್ಪ, ಆದರೆ ವೇಳೆಗೆ ಸರಿಯಾಗಿ ಬೇಕು. ಇಲ್ಲಿ ನನ್ನ ಶಿಸ್ತಿಗೆ ಬೆಲೆ ಬಂತು. ಮುಂಜಾನೆ ಆರು, ಸಂಜೆ ಐದೂವರೆ. ಗುಣಿಗೆ ಒಂದು ತಂಬಿಗೆ. ಒಂದು ದಿನವೂ ತಪ್ಪಿಸಲಿಲ್ಲ.

“ನಿಮ್ಮ ಮೇಟ್ರನ್ ಬಾಯಿ ಚಲೋ ಕಲಿಸ್ಯಾಳ,” ಎಂದಳು ಒಮ್ಮೆ. “ಕಸದ ಪಾಠ ಒಂದು ಬಿಟ್ಟಾಳ, ಅಷ್ಟಽ.”

ಬಳ್ಳಿ ಹಬ್ಬಿ ಹಳದಿ ಹೂ ಕಂಡ ವಾರವೇ ಇಂಡಿಯಿಂದ ಡಾಕ್ಟರು ತಪಾಸಣೆಗೆ ಜೀಪಿನಲ್ಲಿ ಬಂದರು. ನನ್ನ ದಿನಚರಿಯಲ್ಲಿ ಓದಿದ ಸ್ವಚ್ಛ ದಂಡೆಯನ್ನು ನೋಡಬೇಕೆಂದರು. ಅವರ ಬೂಟಿನ ಮುಂದೆ ಹೊಸ ಪಾಚಿಯ ಸಾಲು ನಾರುತ್ತಿತ್ತು.

“ಇದನ್ಯಾರು ತಂದು ಹಾಕ್ಯಾರ?”

“ನಾನಽ ಸರ್.”

“ತೆಗೆದವರು?”

“ಅದೂ ನಾನಽ ಸರ್.”

ಅವರು ಕನ್ನಡಕ ಸರಿ ಮಾಡಿಕೊಂಡರು. ಆಗ ಬಳ್ಳಿಯ ನಡುವಿನಿಂದ ಆಕೆ ಎದ್ದು ನಿಂತಳು. “ಸಾಹೇಬ್ರ, ಬಾಯಾರಿಗಿ ಏನೂ ಅನಬ್ಯಾಡ್ರಿ. ಊರಾಗ ಹೆರಿಗಿ ಎಲ್ಲಾ ಸುಸೂತ್ರ ಆಗ್ಯಾವ. ಇದೊಂದು ಉಸುಕಿನ ಬಾಣಂತನ ಬಾಕಿ ಐತಿ.” ಡಾಕ್ಟರು ನಗಬಾರದೆಂದು ಬಹಳ ಪ್ರಯತ್ನಪಟ್ಟರು. ನೀರು ತುಂಬುವ ಜಾಗ ಮೇಲೆ ಸರಿದಿದ್ದನ್ನು ನೋಡಿ, ತಲೆಯಾಡಿಸಿ, ಚಹಾ ಕುಡಿದು ಹೋದರು.

ಶಿವರಾತ್ರಿ ಬಂತು. ಅಂದು ನಾವಿಬ್ಬರೂ ಎಲೆ ಸರಿಸಿ ಎಣಿಸಿದೆವು. ಕಾಯಿ ಹದಿನೇಳು ಇದ್ದವು. ತಡವಾಗಿ ಬಿತ್ತಿದ್ದರಿಂದ ಒಂದೂ ತೀರ ದೊಡ್ಡದಿರಲಿಲ್ಲ. ನನ್ನ ಬೊಗಸೆಗೆ ಹಿಡಿದು ನೋಡಿದೆ. ಐದು ತುಂಬಿದವು. ನನಗೆ ಅಂದು ಉಪವಾಸವಿದ್ದದ್ದೇ ಒಳ್ಳೆಯದಾಯಿತು, ಊಟ ಇಳಿಯುತ್ತಿರಲಿಲ್ಲ. ಅವಳು ಮಾತ್ರ ನನ್ನ ಕೈ ನೋಡಿ, ತನ್ನ ಕೈ ನೋಡಿ, ಎಲೆಗಳನ್ನು ಮತ್ತೆ ಕಾಯಿಯ ಮೇಲೆ ಹೊದಿಸಿದಳು.

ಮರುದಿನ ಹಗ್ಗದ ಹಿರಿಯ ಬಂದ. ಎಪ್ಪತ್ತರ ಮುದುಕ, ನೇಗಿಲು ಹಿಡಿದ ಕೈ, ಬೊಗಸೆ ಮಾಡಿದರೆ ಸೇರು ಕಾಳು ಹಿಡಿಯುವಂಥದ್ದು. ಹಿಂದೆ ಉಳಿದ ಪಾಲಿನವರು. ಮೀಸೆಯವನು ಎಲ್ಲರಿಗಿಂತ ಮುಂದೆ.

“ಕಾಕಾ, ಮೊದಲಽ ಒಂದು ಮಾತು,” ಎಂದ ಅವನು. “ಈ ಪಾಲಿನ ಕಸ ಹೊಳಿ ಹಾಕಿದ್ದಲ್ಲ. ಹೊತ್ತು ತಂದದ್ದು. ಇದು ಲೆಕ್ಕಕ್ಕ ಬರತೈತೇನು?”

ಹಿರಿಯ ಬಗ್ಗಿ ಕಸದ ಅಡಿಯ ಉಸುಕು ಮುಷ್ಟಿಗೆ ತೆಗೆದು ಹಿಚುಕಿದ. ಉಂಡೆಯಾಯಿತು. ಮೂಸಿ ನೋಡಿದ. “ಎಲ್ಲಿಂದ ತಂದಿ?”

“ಮಡುವಿನಿಂದ,” ಎಂದಳು ಅವಳು.

“ಮಡು ಯಾರದು?”

“ಹೊಳಿದು.”

“ಮತ್ತ ಮುಗೀತಲ್ಲ,” ಎಂದ ಹಿರಿಯ. “ಕಾಯಿ ತೋರಸು.”

ಅವಳು ಎಲೆ ಸರಿಸಿದಳು. ಹಿರಿಯ ಬೊಗಸೆ ಮಾಡಲು ಕೈ ಮುಂದೆ ತಂದ. ಅವಳು ತಡೆದು ಮೀಸೆಯವನತ್ತ ಬೆರಳು ಮಾಡಿದಳು.

“ಕಾಕಾ, ಹ್ವಾದ ವರ್ಷ ಇವನ ಪಾಲು ನೋಡಿದಾಗ ಯಾರ ಬೊಗಸಿಲೆ ಅಳದಿ?”

“ಅವಂದಽ ಬೊಗಸಿಲೆ.”

“ಅದರ ಹಿಂದಿನ ವರ್ಷ?”

“ಯಾರ ಪಾಲೋ ಅವರ ಬೊಗಸಿ.”

“ಹಂಗಾರ ಈ ಪಾಲು ನನ್ನದು.”

ಎಲ್ಲರೂ ಅವಳ ಕೈ ನೋಡಿದರು. ಗಿಡ್ಡ ಹೆಂಗಸು, ನನ್ನದಕ್ಕಿಂತಲೂ ಸಣ್ಣ ಕೈ. ಮೀಸೆಯವನು ಕೂಗಿದ: “ಇದು ನ್ಯಾಯ ಅಲ್ಲ ಕಾಕಾ! ಆಕಿ ಬೊಗಸಿಗೆ ನಿಂಬಿಕಾಯಿ ಹಾಕಿದ್ರೂ ತುಂಬತೈತಿ!”

“ನಿನ್ನ ಕೈ ದೊಡ್ಡದು ಅಂತ ಕಾಯಿ ಹೆಚ್ಚಿಗಿ ತಿಂದ್ಯೇನು? ಬಿತ್ತಿದ ಕೈಲೇ ಅಳೀಬೇಕು. ಇದಽ ಮೊದಲಿನ ಪದ್ಧತಿ,” ಎಂದ ಹಿರಿಯ. “ಹಿಡಿಯವ್ವಾ ಬೊಗಸಿ.”

ಅವಳು ಬಳ್ಳಿಯಿಂದ ಬಳ್ಳಿಗೆ ಮೊಣಕಾಲ ಮೇಲೆ ಸರಿದು, ಕಾಯಿ ಕೀಳದೆ, ಎರಡೂ ಕೈಯಲ್ಲಿ ಎತ್ತಿ ತೋರಿಸುತ್ತ ಹೋದಳು. ಹಿರಿಯ ಎಣಿಸಿದ. ಎಂಟು, ಒಂಬತ್ತು, ಹತ್ತು. ಹನ್ನೊಂದು ಎಂದೂ ಅಂದ. ಹನ್ನೆರಡನೆಯದಕ್ಕೆ ಸಂದಿ ಉಳಿಯಿತು. ಸಾಕಿತ್ತು.

“ಹೆಸರು ಇರಲಿ,” ಎಂದ ಹಿರಿಯ. ಅಷ್ಟೇ. ಭಾಷಣವಿಲ್ಲ. ನಾನು ಚಪ್ಪಾಳೆ ತಟ್ಟಿದೆ, ಬೇರೆ ಯಾರೂ ತಟ್ಟಲಿಲ್ಲ. ನಾಚಿಕೆಯಾಗಿ ಕೈ ಸೆರಗಿನಲ್ಲಿ ಮುಚ್ಚಿಕೊಂಡೆ. ಅವಳು ಕಣ್ಣೊರೆಸಿಕೊಳ್ಳಲಿಲ್ಲ, ಕೈ ಮುಗಿಯಲಿಲ್ಲ. “ಬಾಯಾರ, ಎಂಟಾಗಾಕ ಬಂತು,” ಎಂದು ನನ್ನನ್ನೇ ಓಡಿಸಿದಳು.

ಮುಂದಿನ ವರ್ಷ ನೆರೆ ಇಳಿದ ಮೇಲೆ ಚೀಟಿ ಎತ್ತುವಾಗ ನಾನೂ ಅಲ್ಲಿ ನಿಂತಿದ್ದೆ. ಅವಳಿಗೆ ಬಂದದ್ದು ಕೊನೆಯ ಮೂಲೆಯ ಪಾಲು. ಅಲ್ಲಿ ಹೊಳೆ ಒಂದು ಎಲೆಯನ್ನೂ ಬಿಟ್ಟಿರಲಿಲ್ಲ. ಮೀಸೆಯವನಿಗೆ ಅದರ ಪಕ್ಕದ್ದು, ಅದೂ ಬೋಳು. ಗಂಡಸರು ಅಯ್ಯೋ ಎನ್ನುವ ಮೊದಲೇ ಅವಳು ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿ, “ಮಡು ಎಲ್ಲಿಗೂ ಹೋಗಿಲ್ಲಲ್ಲ,” ಎಂದಳು.

ಮೀಸೆಯವನು ತನ್ನ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಕೆಮ್ಮಿದ. ಕೊನೆಗೆ, “ಯಕ್ಕಾ, ಮಡುವಿಗೆ ಎಷ್ಟೊತ್ತಿಗೆ ಹೋಗ್ತಿ?” ಎಂದ.

“ನನಗೇನ್ ಕೇಳ್ತಿ? ವ್ಯಾಳ್ಯಾ ಬಾಯಾರದು,” ಎಂದಳು.

“ಐದೂವರಿಗೆ,” ಎಂದೆ. “ಸಲಿಕಿ, ಮಂಕ್ರಿ ನಿಮ್ಮವಽ ತರಬೇಕು. ತಡಾ ಆದ್ರ ಕರಕೊಳ್ಳಾಂಗಿಲ್ಲ.”

ಮರುದಿನ ನಾವು ಮಡುವಿಗೆ ಹೋದಾಗ ಅವನು ಆಗಲೇ ಮೊಣಕಾಲುದ್ದ ನೀರಿನಲ್ಲಿ ನಿಂತು, ಮೀಸೆಗೆ ಪಾಚಿ ಹತ್ತಿಸಿಕೊಂಡು, ಬಳ್ಳಿ ಎಳೆಯುತ್ತಿದ್ದ.